ಚೌಕುಳಿ ಗುಡ್ಡದ ತಿರುವು

ಹಾಂಗ್‌ಕಾಂಗಿನ ಕೌಲೂನ್ ಸಿಟಿಯಲ್ಲಿ ತೆಗೆದ ಒಂದು ಬಗೆಯ ಚಿತ್ರವನ್ನು ಮೊದಲ ಸಲ ನೋಡಿದವರು ನಂಬುವುದಿಲ್ಲ. ಇಕ್ಕಟ್ಟಾದ ಬೀದಿ. ಎರಡೂ ಬದಿಗೆ ಆರೇಳು ಅಂತಸ್ತಿನ ಮಾಸಿದ ಕಟ್ಟಡಗಳು. ಕಿಟಕಿಗಳಿಂದ ಹೊರಚಾಚಿದ ಬಿದಿರಿನ ಗಳುಗಳ ಮೇಲೆ ಒಣಗುತ್ತಿರುವ ಬನಿಯನ್ನು, ಷರಾಯಿ, ಹೊದಿಕೆ. ಅವುಗಳ ನಡುವೆ ಉಳಿದ ಆಕಾಶದ ಪಟ್ಟಿಯನ್ನು ಪೂರ್ತಿ ತುಂಬಿಕೊಂಡು ಒಂದು ಜಂಬೋ ಜೆಟ್; ಚಕ್ರಗಳು ಇಳಿದಿವೆ, ಬಲರೆಕ್ಕೆ ಕೆಳಕ್ಕೆ ವಾಲಿದೆ. ಬೀದಿಯಲ್ಲಿ ತರಕಾರಿ ಆರಿಸುತ್ತಿರುವವರಲ್ಲಿ ಒಬ್ಬರೂ ತಲೆಯೆತ್ತಿ ನೋಡುತ್ತಿಲ್ಲ. ಎರಡು ಚಿತ್ರಗಳನ್ನು ಕತ್ತರಿಸಿ ಅಂಟಿಸಿದಂತೆ ಕಂಡರೂ ಅದು ಒಂದೇ ಕ್ಲಿಕ್ಕಿನ ಚಿತ್ರ. ಕೈ ಟಾಕ್ ವಿಮಾನ ನಿಲ್ದಾಣ ಮುಚ್ಚಿದ 1998ರ ಜುಲೈವರೆಗೂ ಆ ಬೀದಿಗಳಲ್ಲಿ ಕೆಲವು ನಿಮಿಷಕ್ಕೊಮ್ಮೆ ಕಾಣುತ್ತಿದ್ದ ನೋಟ ಅದು.

ವಿಮಾನದ ಚಿತ್ರ ತೆಗೆಯುವ ಹವ್ಯಾಸಕ್ಕೆ ಬೇರೆಡೆ ಒಂದು ಶಿಸ್ತಿದೆ. ಬೇಲಿಯ ಪಕ್ಕ ನಿಲ್ಲಬೇಕು, ಬಿಸಿಲು ಬೆನ್ನಿಗಿರಬೇಕು, ಮೂಗಿನಿಂದ ಬಾಲದವರೆಗೆ ವಿಮಾನ ಚೌಕಟ್ಟಿನೊಳಗೆ ಕೂರಬೇಕು, ಹಿಂದೆ ಶುಭ್ರ ಆಕಾಶವಿರಬೇಕು. ಹಾಗೆ ತೆಗೆದ ಚಿತ್ರ ಫ್ರಾಂಕ್‌ಫರ್ಟಿನದೋ ಸಿಂಗಪುರದ್ದೋ ಎಂದು ಹೇಳುವುದು ಕಷ್ಟ. ಕೈ ಟಾಕ್‌ನಲ್ಲಿ ಈ ಶಿಸ್ತು ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ಅಲ್ಲಿ ವಿಮಾನವನ್ನು ಹಿಡಿಯಹೊರಟರೆ ಊರೂ ಜೊತೆಗೆ ಬರುತ್ತಿತ್ತು: ತಾರಸಿ, ಆಂಟೆನಾ, ನಿಯಾನ್ ಫಲಕ, ಹಿಂದೆ ಸಿಂಹಶಿಲೆ ಬೆಟ್ಟ. ವಿಮಾನಗಳಿಗಾಗಿ ಬಂದವರ ರೀಲುಗಳಲ್ಲಿ ಹೀಗೆ ಒಂದು ದುಡಿಯುವ ಜನರ ಬಡಾವಣೆಯ ಬದುಕು ದಾಖಲಾಗುತ್ತಾ ಹೋಯಿತು. ಕೈ ಟಾಕ್ ಚಿತ್ರಗಳ ನಿಜವಾದ ಬೆಲೆ ಇರುವುದು ಅಲ್ಲಿ.

ಆ ಜಾಗ ವಿಮಾನಗಳಿಗಾಗಿ ಹುಟ್ಟಿದ್ದೇ ಅಲ್ಲ. ಹೋ ಕೈ ಎಂಬ ವೈದ್ಯ-ವಕೀಲರೂ ಔ ಟಾಕ್ ಎಂಬ ವ್ಯಾಪಾರಿಯೂ ಸೇರಿ ಕೌಲೂನ್ ಕೊಲ್ಲಿಯ ಅಂಚಿಗೆ ಮಣ್ಣು ತುಂಬಿಸಿ ಹೊಸ ಬಡಾವಣೆ ಕಟ್ಟಹೊರಟಿದ್ದರು. ಯೋಜನೆ ನೆಲಕಚ್ಚಿತು. ಇಬ್ಬರ ಹೆಸರೂ ಸೇರಿ ಜಾಗಕ್ಕೆ ಉಳಿದುಕೊಂಡವು. 1925ರ ಜನವರಿ 24ರಂದು, ಚೀನೀ ಹೊಸವರ್ಷದ ದಿನ, ಹ್ಯಾರಿ ಅಬಟ್ ಎಂಬ ಅಮೆರಿಕನ್ ಅಲ್ಲಿ ವಿಮಾನ ಹಾರಾಟದ ಶಾಲೆ ತೆರೆದ. ಶಾಲೆ ಹೆಚ್ಚು ದಿನ ಬಾಳಲಿಲ್ಲ, ಆದರೆ ಆ ಸಮತಟ್ಟು ನೆಲ ಸರ್ಕಾರದ ಕಣ್ಣಿಗೆ ಬಿತ್ತು. 1928ರಲ್ಲಿ ಕಡಲ ವಿಮಾನಗಳು ನೀರಿನಿಂದ ಮೇಲೆ ಬರಲು ಕಾಂಕ್ರೀಟ್ ಇಳಿಜಾರು ಕಟ್ಟಿದರು. 1936ರ ಮಾರ್ಚ್‌ನಲ್ಲಿ ಇಂಪೀರಿಯಲ್ ಏರ್‌ವೇಸ್‌ನ ‘ಡೊರಾಡೊ’ ಎಂಬ ಪುಟ್ಟ ವಿಮಾನ ಪಿನಾಂಗ್‌ನಿಂದ ಟಪಾಲು ಹೊತ್ತು ಬಂದಿಳಿದಾಗ ನಿಯತ ಸೇವೆ ಶುರುವಾಯಿತು.

ಯುದ್ಧ ಈ ನಿಲ್ದಾಣಕ್ಕೆ ಬೇರೆಯದೇ ಮುಖ ಕೊಟ್ಟಿತು. 1941ರ ಡಿಸೆಂಬರ್ 8ರಂದು ಜಪಾನೀ ವಿಮಾನಗಳು ಕೈ ಟಾಕ್ ಮೇಲೆ ಬಾಂಬು ಹಾಕಿದವು. ಹಾಂಗ್‌ಕಾಂಗ್ ವಶವಾದ ಮೇಲೆ ಯುದ್ಧಕೈದಿಗಳನ್ನು ದುಡಿಸಿ ಕಾಂಕ್ರೀಟ್ ರನ್‌ವೇಗಳನ್ನು ಹಾಕಿಸಿದರು. ಕಲ್ಲಿಗಾಗಿ ಕೌಲೂನಿನ ಹಳೆಯ ಕೋಟೆಯ ಗೋಡೆ ಕೆಡವಿದರು. ಸೋಂಗ್ ವಂಶದ ಕೊನೆಯ ಬಾಲದೊರೆಗಳ ನೆನಪಿಗೆಂದು ಉಳಿದಿದ್ದ ಹೆಬ್ಬಂಡೆಯನ್ನೂ ಸಿಡಿಸಿದರು. ಗೋಡೆಯಿಲ್ಲದ ಆ ಕೋಟೆಯೊಳಗೇ ಮುಂದೆ ‘ವಾಲ್ಡ್ ಸಿಟಿ’ ಎಂಬ ಕತ್ತಲ ಕೊಳೆಗೇರಿ ಎದ್ದು, ವಿಮಾನಗಳ ಹೊಟ್ಟೆಯಡಿ ಬೆಳೆದದ್ದು.

ಯುದ್ಧಾನಂತರದ ಕೈ ಟಾಕ್‌ನಲ್ಲಿ ವಾಹನಗಳ ರಸ್ತೆಯೊಂದು ರನ್‌ವೇಯನ್ನೇ ಅಡ್ಡ ಹಾಯುತ್ತಿತ್ತು. ವಿಮಾನ ಬಂದಾಗ ನಮ್ಮಲ್ಲಿ ರೈಲಿಗೆ ಗೇಟು ಹಾಕುವ ಹಾಗೆ ಅಲ್ಲಿ ಗೇಟು ಹಾಕಿ ಬಸ್ಸು, ಸೈಕಲ್ಲುಗಳನ್ನು ನಿಲ್ಲಿಸುತ್ತಿದ್ದರು. 1946ರಲ್ಲಿ ಒಂದು ಹಳೆಯ ಡಕೋಟಾದೊಂದಿಗೆ ಕ್ಯಾಥೇ ಪೆಸಿಫಿಕ್ ಸಂಸ್ಥೆ ಹುಟ್ಟಿತು. ಆ ವಿಮಾನ, ‘ಬೆಟ್ಸಿ’, ಈಗ ಹಾಂಗ್‌ಕಾಂಗ್ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿದೆ. ಜೆಟ್ ಯುಗಕ್ಕೆ ಈ ಹಳೆಯ ಅಂಗಳ ಸಾಲುವಂತಿರಲಿಲ್ಲ. ಮೂರು ಕಡೆ ಬೆಟ್ಟ, ಒಂದು ಕಡೆ ಸಮುದ್ರ. ಎಂಜಿನಿಯರುಗಳು ಸಮುದ್ರವನ್ನೇ ಆರಿಸಿಕೊಂಡರು. ಕೊಲ್ಲಿಯೊಳಕ್ಕೆ ನೇರವಾಗಿ ಮಣ್ಣು ತುಂಬಿ, ಎರಡೂವರೆ ಕಿಲೋಮೀಟರ್ ಉದ್ದದ ರನ್‌ವೇ ಕಟ್ಟಿ 1958ರಲ್ಲಿ ತೆರೆದರು. ಎಪ್ಪತ್ತರ ದಶಕದಲ್ಲಿ ಅದನ್ನು 3,390 ಮೀಟರಿಗೆ ಚಾಚಿದರು. ಹೊಸ ಟರ್ಮಿನಲ್ 1962ರಲ್ಲಿ ಬಂತು. 1970ರ ಏಪ್ರಿಲ್‌ನಲ್ಲಿ ಪ್ಯಾನ್ ಅಮೆರಿಕನ್ ಸಂಸ್ಥೆಯ ಮೊದಲ ಜಂಬೋ ಇಳಿಯಿತು.

ಇಷ್ಟೆಲ್ಲ ಆದ ಮೇಲೂ ಉಳಿದ ತೊಡಕೇ ಆ ಪ್ರಖ್ಯಾತ ಚಿತ್ರಗಳ ತಾಯಿ.

ರನ್‌ವೇಯ ಒಂದು ತುದಿ ಸಮುದ್ರದಲ್ಲಿ, ಇನ್ನೊಂದು ತುದಿ ಊರಿನಲ್ಲಿ. ಹಾಂಗ್‌ಕಾಂಗಿನಲ್ಲಿ ಬೀಸುವುದು ಹೆಚ್ಚಾಗಿ ಮೂಡಣ ಗಾಳಿ. ವಿಮಾನ ಇಳಿಯಬೇಕಾದದ್ದು ಗಾಳಿಗೆ ಎದುರಾಗಿ. ಎಂದರೆ ಊರಿನ ಮೇಲಿಂದಲೇ ಬಂದು, ರನ್‌ವೇಯ ‘13’ ಎಂದು ಗುರುತು ಹಾಕಿದ ತುದಿಯಲ್ಲಿ ಇಳಿಯಬೇಕು. ಬೇರೆ ನಿಲ್ದಾಣಗಳಲ್ಲಿ ರೇಡಿಯೋ ಕಿರಣವೊಂದು ವಿಮಾನವನ್ನು ರನ್‌ವೇಯ ಬಾಗಿಲಿಗೇ ನೇರವಾಗಿ ಕರೆದೊಯ್ಯುತ್ತದೆ. ಇಲ್ಲಿ ರನ್‌ವೇಯ ನೇರಕ್ಕೆ ಬೆಟ್ಟಗಳಿದ್ದವು. ಆದ್ದರಿಂದ 1974ರಲ್ಲಿ ಹಾಕಿದ ಮಾರ್ಗದರ್ಶಿ ಕಿರಣ ವಿಮಾನವನ್ನು ಪಶ್ಚಿಮ ಕೌಲೂನಿನ ಮೇಲಿಂದ ತಂದು ಒಂದು ಗುಡ್ಡದ ಎದುರಿಗೆ ಬಿಟ್ಟುಬಿಡುತ್ತಿತ್ತು. ಆ ಗುಡ್ಡದ ಮುಖಕ್ಕೆ ಕಾಂಕ್ರೀಟ್ ಮೆತ್ತಿ, ಕೇಸರಿ-ಬಿಳಿ ಬಣ್ಣದ ದೊಡ್ಡ ಚೌಕಗಳನ್ನು ಬಳಿದಿದ್ದರು. ಪೈಲಟ್ ಆ ಚೌಕುಳಿಯನ್ನು ಕಣ್ಣಾರೆ ಕಾಣಬೇಕು. ಕಂಡ ಮೇಲೆ ಕಿರಣವನ್ನು ಬಿಟ್ಟು, ಕೈಯಲ್ಲೇ ವಿಮಾನವನ್ನು ಬಲಕ್ಕೆ 47 ಡಿಗ್ರಿ ತಿರುಗಿಸಬೇಕು. ಕಾಣದಿದ್ದರೆ ಮೇಲೇರಿ ಮತ್ತೆ ಸುತ್ತು ಹಾಕಿ ಬರಬೇಕು. ತಿರುವು ಶುರುವಾಗುವಾಗ ಎತ್ತರ ಸುಮಾರು 200 ಮೀಟರ್. ರೆಕ್ಕೆಗಳು ಮತ್ತೆ ಸಮವಾಗುವ ಹೊತ್ತಿಗೆ ಸುಮಾರು 45 ಮೀಟರ್. ಆ ತಿರುವಿನ ಕೆಳಗೇ ಕೌಲೂನ್ ಸಿಟಿ.

ವಿಮಾನಕ್ಕಾಗಿ ಊರೂ ತಗ್ಗಿ ನಡೆಯಿತು. ಸುತ್ತಲಿನ ಕಟ್ಟಡಗಳ ಎತ್ತರಕ್ಕೆ ಕಾನೂನಿನ ಮಿತಿಯಿತ್ತು. ಹಾಂಗ್‌ಕಾಂಗಿನ ಬೇರೆಡೆ ಮುಗಿಲಿಗೇರಿದ ಗೋಪುರಗಳು ಇಲ್ಲಿ ಏಳಲಿಲ್ಲ. ರಾತ್ರಿ ರನ್‌ವೇ ದೀಪವೆಂದು ಪೈಲಟ್ ಭ್ರಮಿಸಬಾರದೆಂದು, ಮಿನುಗುವ ನಿಯಾನ್ ಫಲಕಗಳಿಗೆ ನಿಷೇಧವಿತ್ತು. ಹಾಂಗ್‌ಕಾಂಗಿನ ಹಳೆಯ ನಿಯಾನ್ ದೀಪಗಳು ಮಿನುಗದೆ ಸ್ಥಿರವಾಗಿ ಉರಿಯುತ್ತಿದ್ದುದಕ್ಕೆ ಇದೇ ಕಾರಣ. ಶಾಲೆಗಳಲ್ಲಿ ಮೇಷ್ಟರು ವಿಮಾನ ದಾಟುವ ತನಕ ಪಾಠ ನಿಲ್ಲಿಸುತ್ತಿದ್ದರು. ಹೋಟೆಲುಗಳಲ್ಲಿ ಮಾತು ಅರ್ಧಕ್ಕೆ ನಿಂತು, ಸದ್ದು ಅಡಗಿದ ಮೇಲೆ ಅದೇ ವಾಕ್ಯದಿಂದ ಮುಂದುವರಿಯುತ್ತಿತ್ತು. ಚಿತ್ರಗಳಲ್ಲಿ ಯಾರೂ ತಲೆಯೆತ್ತದಿರುವುದರ ಗುಟ್ಟು ಇಲ್ಲಿದೆ. ಹೊರಗಿನವರಿಗೆ ಮೈನವಿರೇಳಿಸುತ್ತಿದ್ದ ದೃಶ್ಯ ಅಲ್ಲಿಯವರಿಗೆ ದಿನಬೆಳಗಾದರೆ ಸಹಿಸಬೇಕಾದ ಗದ್ದಲ. ಆ ಚಿತ್ರಗಳನ್ನು ಮೆಚ್ಚುವಾಗ ಇದನ್ನು ಮರೆಯುವುದು ಸರಿಯಲ್ಲ.

ವಿಮಾನಗಳ ನೋಂದಣಿ ಸಂಖ್ಯೆ ಬರೆದುಕೊಳ್ಳುವ, ಚಿತ್ರ ತೆಗೆದಿಡುವ ಹವ್ಯಾಸ ಬೇರೂರಿದ್ದು ಯುದ್ಧಾನಂತರದ ಬ್ರಿಟನ್ನಿನಲ್ಲಿ. ರೈಲು ಎಂಜಿನ್ನುಗಳ ಸಂಖ್ಯೆ ಗುರುತು ಹಾಕಿಕೊಳ್ಳುವ ಹುಡುಗರಿಗೆಂದು 1942ರಲ್ಲಿ ಕಿಸೆ ಪುಸ್ತಕ ತಂದ ಇಯಾನ್ ಅಲನ್, ಮುಂದೆ ವಿಮಾನಗಳಿಗೂ ಅಂಥ ಪುಸ್ತಕ ತಂದರು. ಐವತ್ತರ ದಶಕದಲ್ಲಿ ಲಂಡನ್ನಿನ ಹೀತ್ರೋದಲ್ಲಿ ಕ್ವೀನ್ಸ್ ಬಿಲ್ಡಿಂಗ್ ಎಂಬ ಕಟ್ಟಡದ ಮಾಳಿಗೆ ಸಾರ್ವಜನಿಕರಿಗೆ ತೆರೆದಿತ್ತು; ಮಕ್ಕಳು ಬುತ್ತಿ ಕಟ್ಟಿಕೊಂಡು ಬಂದು ಇಡೀ ದಿನ ವಿಮಾನ ನೋಡುತ್ತಿದ್ದರು. ಬ್ರಿಟಿಷ್ ವಸಾಹತಾಗಿದ್ದ ಹಾಂಗ್‌ಕಾಂಗಿಗೂ ಈ ಗೀಳು ಬಂತು. ಎಂಬತ್ತರ ದಶಕದ ಹೊತ್ತಿಗೆ ಯುರೋಪಿನಿಂದ, ಜಪಾನಿನಿಂದ ಕ್ಯಾಮೆರಾ ಹೊತ್ತವರು ಕೈ ಟಾಕ್ ಒಂದನ್ನೇ ನೋಡಲು ಬರತೊಡಗಿದ್ದರು.

ನಿಲ್ಲುವ ಜಾಗಗಳು ಮೂರು ನಾಲ್ಕು. ಪ್ರತಿಯೊಂದರಿಂದ ಸಿಗುವ ಚಿತ್ರ ಬೇರೆ.

ಟರ್ಮಿನಲ್ ಪಕ್ಕದ ಬಹುಮಹಡಿ ಕಾರ್ ಪಾರ್ಕಿನ ಮಾಳಿಗೆ ಅವುಗಳಲ್ಲಿ ಹೆಸರುವಾಸಿ. ಅಲ್ಲಿ ನಿಂತು ವಾಯವ್ಯಕ್ಕೆ ಮುಖ ಮಾಡಿದರೆ ಕಟ್ಟಡಗಳ ನೆತ್ತಿಯ ಮೇಲೆ ವಿಮಾನ ವಾಲಿಕೊಂಡು ಬರುವುದು ಕಾಣುತ್ತಿತ್ತು. ಬೆಳಗಿನ ಬಿಸಿಲು ಬೆನ್ನಿಗೆ. ಉದ್ದನೆಯ ಟೆಲಿ ಲೆನ್ಸು ದೂರವನ್ನು ಮಡಚಿ, ವಿಮಾನವನ್ನೂ ಹಿಂದಿನ ಕಟ್ಟಡಗಳನ್ನೂ ಒಂದಕ್ಕೊಂದು ತಾಗಿಸಿದಂತೆ ತೋರಿಸುತ್ತಿತ್ತು. ಅಡ್ಡಗಾಳಿ ಇದ್ದ ದಿನ ವಿಮಾನದ ಮೂಗು ಒಂದು ಕಡೆ, ಸಾಗುವ ದಿಕ್ಕು ಇನ್ನೊಂದು ಕಡೆ. ನೆಲ ಮುಟ್ಟುವ ಕ್ಷಣದಲ್ಲಿ ಟಯರುಗಳಿಂದ ನೀಲಿ ಹೊಗೆ. ಕೈ ಟಾಕ್‌ನ ಅತ್ಯಂತ ರೋಚಕ ಚಿತ್ರಗಳಲ್ಲಿ ಹಲವು ಇಲ್ಲಿಂದ ತೆಗೆದವು. ಅವುಗಳನ್ನು ನೋಡುವಾಗ ಲೆನ್ಸಿನ ಪಾಲೂ ಇದೆ ಎಂಬುದು ನೆನಪಿರಬೇಕು: ವಿಮಾನ ತಗ್ಗಿ ಹಾರುತ್ತಿದ್ದುದು ಖರೆ, ಆದರೆ ಕಿಟಕಿಯಿಂದ ಕೈಚಾಚಿದರೆ ಸಿಗುವಷ್ಟು ಹತ್ತಿರವೇನಲ್ಲ.

ಚೌಕುಳಿ ಗುಡ್ಡ ಹತ್ತಿದವರಿಗೆ ಸಿಗುತ್ತಿದ್ದುದು ಅಪರೂಪದ ಕೋನ. ವಿಮಾನವನ್ನು ಸಾಮಾನ್ಯವಾಗಿ ಕೆಳಗಿನಿಂದ ನೋಡುತ್ತೇವೆ, ಹೊಟ್ಟೆ ಮಾತ್ರ ಕಾಣುತ್ತದೆ. ಗುಡ್ಡದ ಮೇಲಿನಿಂದ, ತಿರುಗುತ್ತಿರುವ ಜಂಬೋದ ಬೆನ್ನೂ ರೆಕ್ಕೆಗಳ ಮೇಲ್ಮೈಯೂ ಕಾಣುತ್ತಿದ್ದವು. ಅದರಾಚೆ ಸಾವಿರಾರು ತಾರಸಿಗಳು, ಕಡಲು, ಹಾಂಗ್‌ಕಾಂಗ್ ದ್ವೀಪ.

ಬೀದಿಯ ಚಿತ್ರ ಎಲ್ಲಕ್ಕಿಂತ ಕಷ್ಟದ್ದು. ಮೊದಲು ಸದ್ದು ಬರುತ್ತದೆ, ಯಾವ ಕಡೆಯಿಂದ ಎಂದು ಗೋಡೆಗಳ ಪ್ರತಿಧ್ವನಿಯಲ್ಲಿ ತಿಳಿಯುವುದಿಲ್ಲ. ಆಮೇಲೆ ಒಂದೆರಡು ಸೆಕೆಂಡು ಮಾತ್ರ ವಿಮಾನ ಕಟ್ಟಡಗಳ ಸಂದಿಯಲ್ಲಿ ಹಾಯುತ್ತದೆ. ಆಗಿನ ರೀಲಿನಲ್ಲಿ 36 ಚಿತ್ರ. ಹವ್ಯಾಸಿಗಳು ನೆಚ್ಚಿಕೊಂಡಿದ್ದ ಕೊಡಕ್ರೋಮ್ 64 ಸ್ಲೈಡ್ ಫಿಲ್ಮು ನಿಧಾನದ್ದು, ಒಳ್ಳೆಯ ಬಿಸಿಲು ಬೇಡುವಂಥದ್ದು. ಹಾಂಗ್‌ಕಾಂಗಿನಲ್ಲೋ ಮಬ್ಬು ಕವಿದ ದಿನಗಳು ಸಾಕಷ್ಟು. ತೆಗೆದದ್ದು ಹೇಗೆ ಬಂದಿದೆ ಎಂದು ತಿಳಿಯಲು ಫಿಲ್ಮು ತೊಳೆದು ಬರುವವರೆಗೆ ಕಾಯಬೇಕು. ವಿಮಾನದ ಬಾಲ ಕಡಿದುಹೋಗದಂತೆ, ಬೀದಿಯ ಜನರೂ ಸರಿಯಾಗಿ ಕೂರುವಂತೆ ಆ ಎರಡು ಸೆಕೆಂಡಿನಲ್ಲಿ ಹಿಡಿದವರ ಕೈಚಳಕ ಇಂದಿನ ಸಾಧನಗಳ ಎದುರಿಗೂ ದೊಡ್ಡದಾಗಿಯೇ ನಿಲ್ಲುತ್ತದೆ.

ಈ ಗುಂಪಿಗೆ ಸೇರದ ಒಬ್ಬರ ಹೆಸರು ಇಲ್ಲಿ ಬರಲೇಬೇಕು. ಕೆನಡಾದ ಗ್ರೆಗ್ ಜಿರಾರ್ಡ್ ವಿಮಾನದ ಹುಚ್ಚಿನವರಲ್ಲ. ಏಷ್ಯಾದ ನಗರಗಳನ್ನು ಚಿತ್ರಿಸಿದವರು. ಇಯಾನ್ ಲ್ಯಾಂಬಟ್ ಜೊತೆ ಅವರು ವಾಲ್ಡ್ ಸಿಟಿಯನ್ನು ವರ್ಷಗಟ್ಟಲೆ ಚಿತ್ರಿಸಿ, 1993ರಲ್ಲಿ ‘ಸಿಟಿ ಆಫ್ ಡಾರ್ಕ್‌ನೆಸ್’ ಎಂಬ ಪುಸ್ತಕ ತಂದರು. ಓಣಿಗಳಲ್ಲಿ ಹಗಲಿಗೂ ದೀಪ ಬೇಕಿದ್ದ ಆ ವಸತಿಯಲ್ಲಿ ಗಾಳಿ-ಬೆಳಕು ಸಿಗುತ್ತಿದ್ದುದು ಮಾಳಿಗೆಯ ಮೇಲೆ. ಮಕ್ಕಳು ಆಡುತ್ತಿದ್ದುದೂ ಅಲ್ಲೇ, ವಿಮಾನಗಳು ಹಾಯುತ್ತಿದ್ದುದೂ ಅದರ ಮೇಲೇ. ಜಿರಾರ್ಡ್ ಅವರ ಚಿತ್ರದಲ್ಲಿ ಆಂಟೆನಾಗಳ ಕಾಡಿನ ಮೇಲೆ ವಿಮಾನ ಹಾರುವಾಗ ಕಣ್ಣು ಹೋಗುವುದು ಆ ಮಾಳಿಗೆಯ ಮೇಲಿನವರ ಕಡೆಗೆ. ವಿಮಾನದ ಹಿಂದೆ ಬಿದ್ದವರು ಊರನ್ನು ತಂದರು, ಊರಿನ ಹಿಂದೆ ಬಿದ್ದ ಈತ ವಿಮಾನವನ್ನು ತಂದರು. ಎರಡೂ ಸೇರಿದರೆ ಆ ಕಾಲ ತಕ್ಕಮಟ್ಟಿಗೆ ಪೂರ್ತಿಯಾಗುತ್ತದೆ.

ಇವರೆಲ್ಲ ಇಷ್ಟು ನಿರಾತಂಕವಾಗಿ ಚಿತ್ರ ತೆಗೆದರೆಂದ ಮಾತ್ರಕ್ಕೆ ಭದ್ರತೆಯ ಭಯ ಕೈ ಟಾಕ್‌ಗೆ ಅಪರಿಚಿತವಾಗಿತ್ತೆಂದಲ್ಲ. 1955ರ ಏಪ್ರಿಲ್ 11ರಂದು ಏರ್ ಇಂಡಿಯಾದ ‘ಕಾಶ್ಮೀರ್ ಪ್ರಿನ್ಸೆಸ್’ ವಿಮಾನ ಬಾಂಡುಂಗ್ ಸಮ್ಮೇಳನದ ಪ್ರತಿನಿಧಿಗಳನ್ನು ಹೊತ್ತು ಹೊರಟದ್ದು ಇಲ್ಲಿಂದಲೇ. ನಿಲ್ದಾಣದಲ್ಲಿ ನಿಂತಿದ್ದಾಗ ಅದರಲ್ಲಿ ಬಾಂಬ್ ಇಟ್ಟಿದ್ದರು. ಗುರಿ ಚೀನಾದ ಪ್ರಧಾನಿ ಚೌ ಎನ್‌ಲಾಯ್. ಅವರು ಅದನ್ನು ಹತ್ತಿರಲಿಲ್ಲ. ಸಮುದ್ರಕ್ಕೆ ಬಿದ್ದ ವಿಮಾನದಲ್ಲಿದ್ದ 19 ಮಂದಿಯಲ್ಲಿ 16 ಮಂದಿ ಸತ್ತರು, ಕ್ಯಾಪ್ಟನ್ ಡಿ.ಕೆ. ಜಟಾರ್ ಅವರೂ ಸೇರಿ. ಇಂಥದನ್ನು ಕಂಡ ನಿಲ್ದಾಣದಲ್ಲೂ, ಎಂಬತ್ತು-ತೊಂಬತ್ತರ ದಶಕಗಳಲ್ಲಿ ಕ್ಯಾಮೆರಾ ಹಿಡಿದು ಕಾರ್ ಪಾರ್ಕಿನ ಮಾಳಿಗೆ ಹತ್ತಿದವರನ್ನು ಕಳ್ಳರಂತೆ ಕಾಣಲಿಲ್ಲ.

ಭಾರತದ ಕಥೆ ಬೇರೆ. 1937ರ ವಿಮಾನ ನಿಯಮಗಳ 13ನೇ ನಿಯಮದ ಪ್ರಕಾರ ಸರ್ಕಾರಿ ವಿಮಾನ ನಿಲ್ದಾಣದಲ್ಲಿ ಅನುಮತಿಯಿಲ್ಲದೆ ಚಿತ್ರ ತೆಗೆಯುವಂತಿಲ್ಲ. 2010ರ ಫೆಬ್ರವರಿಯಲ್ಲಿ ದೆಹಲಿ ನಿಲ್ದಾಣದ ಬಳಿಯ ಹೋಟೆಲಿನಲ್ಲಿ ಇಳಿದುಕೊಂಡು ವಿಮಾನಗಳನ್ನು ಗಮನಿಸುತ್ತಿದ್ದ ಇಬ್ಬರು ಬ್ರಿಟಿಷರು ಬಂಧನಕ್ಕೊಳಗಾಗಿ, ಕೊನೆಗೆ ದಂಡ ಕಟ್ಟಿ ಊರಿಗೆ ಮರಳಿದರು. ಗ್ರೀಸಿನಲ್ಲಿಯೂ 2001ರಲ್ಲಿ ವಾಯುನೆಲೆಯೊಂದರ ಬಳಿ ಸಂಖ್ಯೆ ಬರೆದುಕೊಳ್ಳುತ್ತಿದ್ದ 12 ಬ್ರಿಟಿಷರನ್ನೂ ಇಬ್ಬರು ಡಚ್ಚರನ್ನೂ ಬೇಹುಗಾರರೆಂದು ಹಿಡಿದು, ಮರುವರ್ಷ ಶಿಕ್ಷೆ ವಿಧಿಸಿದ್ದರು. ಅದೇ ವರ್ಷ ಮೇಲ್ಮನವಿಯಲ್ಲಿ ಬಿಡುಗಡೆಯಾಯಿತು. ಮತ್ತೆ ನಮ್ಮಲ್ಲಿಗೆ ಬಂದರೆ, ಬೆಂಗಳೂರಿನ ಎಚ್‌ಎಎಲ್ ನಿಲ್ದಾಣವೂ ಊರು ನುಂಗಿದ ನಿಲ್ದಾಣವೇ. 2008ರ ಮೇ ತಿಂಗಳಲ್ಲಿ ಪ್ರಯಾಣಿಕರ ವಿಮಾನಗಳು ದೇವನಹಳ್ಳಿಗೆ ಹೋಗುವವರೆಗೆ ಮಾರತ್‌ಹಳ್ಳಿ, ಮುರುಗೇಶಪಾಳ್ಯದ ಮನೆಗಳ ನೆತ್ತಿಯ ಮೇಲೆ ಅವು ಹಾರಿದವು. ರಕ್ಷಣಾ ಕಾರ್ಖಾನೆಯ ಆ ಅಂಗಳದ ಸುತ್ತ ಕ್ಯಾಮೆರಾ ಎತ್ತಲು ಜನ ಅಂಜುತ್ತಿದ್ದರು. ಆ ಅಂಜಿಕೆಯಲ್ಲಿ ಹಳೆಯ ಏರ್‌ಪೋರ್ಟ್ ರಸ್ತೆಯ ಬದುಕು ಎಷ್ಟು ದಾಖಲಾಗದೆ ಹೋಯಿತೋ ಎಂದು ನೆನೆದರೆ ಸಂಕಟವಾಗುತ್ತದೆ.

ಕೈ ಟಾಕ್‌ನ ಕೊನೆಯ ವರ್ಷಗಳು ಉಸಿರುಗಟ್ಟಿದ ವರ್ಷಗಳು. ಒಂದೇ ರನ್‌ವೇ. 1996ರಲ್ಲಿ ಅದು ಸಾಗಿಸಿದ ಪ್ರಯಾಣಿಕರು 2 ಕೋಟಿ 90 ಲಕ್ಷಕ್ಕೂ ಹೆಚ್ಚು, ಸರಕು 15 ಲಕ್ಷ ಟನ್ನಿಗೂ ಹೆಚ್ಚು. ತಪ್ಪಿಗೆ ಎಡೆಯಿರಲಿಲ್ಲ. 1993ರ ನವೆಂಬರ್ 4ರಂದು, ಚಂಡಮಾರುತದ ಗಾಳಿಮಳೆಯಲ್ಲಿ ಇಳಿದ ಚೈನಾ ಏರ್‌ಲೈನ್ಸ್‌ನ ಹೊಚ್ಚ ಹೊಸ ಜಂಬೋ ರನ್‌ವೇ ದಾಟಿ ಸಮುದ್ರಕ್ಕೆ ಜಾರಿತು. ಅದರಲ್ಲಿದ್ದ 396 ಮಂದಿಯೂ ಬದುಕಿದರು. ನೀರಿನಿಂದ ಎದ್ದುನಿಂತ ಅದರ ಬಾಲ ರೇಡಿಯೋ ಕಿರಣಕ್ಕೆ ಅಡ್ಡಿಯಾದ್ದರಿಂದ ಸ್ಫೋಟಕ ಇಟ್ಟು ಉರುಳಿಸಿದರು. ಪತ್ರಿಕೆಗಳಲ್ಲಿ ಲೋಕವೆಲ್ಲ ಕಂಡ ಕೈ ಟಾಕ್ ಚಿತ್ರ ಬಹುಶಃ ಅದೇ, ನೀರಲ್ಲಿ ತೇಲುವ ಆ ವಿಮಾನ.

ಮುಚ್ಚುವ ದಿನ ಗೊತ್ತಾದ ಮೇಲೆ ಮಾಳಿಗೆಗಳು ತುಂಬಿದವು. ಅದುವರೆಗೆ ತಲೆಯೆತ್ತದಿದ್ದ ಊರಿನವರೇ ಕ್ಯಾಮೆರಾ ಕೊಂಡು, ಮಕ್ಕಳನ್ನು ಕರೆದುಕೊಂಡು ಬಂದರು. ಹವ್ಯಾಸಿಗಳ ಹಳೆಯ ಜಾಗಗಳಲ್ಲಿ ಅಜ್ಜ-ಅಜ್ಜಿಯರು ವಿಮಾನಕ್ಕೆ ಬೆನ್ನು ಹಾಕಿ ನಿಂತು ಚಿತ್ರ ತೆಗೆಸಿಕೊಂಡರು. 1998ರ ಜುಲೈ 5ರ ರಾತ್ರಿ 11.38ಕ್ಕೆ ಚೊಂಗ್‌ಚಿಂಗ್‌ನಿಂದ ಬಂದ ಡ್ರ್ಯಾಗನ್‌ಏರ್ ವಿಮಾನ ಕೊನೆಯದಾಗಿ ಇಳಿಯಿತು. ಮಧ್ಯರಾತ್ರಿ ದಾಟಿ ಎರಡು ನಿಮಿಷಕ್ಕೆ ಕ್ಯಾಥೇ ಪೆಸಿಫಿಕ್ ವಿಮಾನವೊಂದು ಲಂಡನ್ನಿಗೆ ಹೊರಟಿತು. ನಾಗರಿಕ ವಿಮಾನಯಾನ ನಿರ್ದೇಶಕ ರಿಚರ್ಡ್ ಸೀಗಲ್ ಗೋಪುರದಿಂದ ಕೈ ಟಾಕ್‌ಗೆ ವಿದಾಯ ಹೇಳಿ, ಧನ್ಯವಾದ ಸಲ್ಲಿಸಿ, ರನ್‌ವೇಯ ದೀಪ ಆರಿಸಿದರು. ಬೆಳಗಿನ ಹೊತ್ತಿಗೆ ಚೆಕ್ ಲಾಪ್ ಕೋಕ್ ದ್ವೀಪದ ಹೊಸ ನಿಲ್ದಾಣ ಕೆಲಸ ಶುರುಮಾಡಿತ್ತು. ಅದು ವಿಶಾಲ, ಸುರಕ್ಷಿತ. ಅಲ್ಲಿ ವಿಮಾನಗಳ ಹಿಂದೆ ಬೆಟ್ಟವಿದೆ, ಕಡಲಿದೆ. ಬಟ್ಟೆ ಒಣಹಾಕುವವರಿಲ್ಲ.

ಹಳೆಯ ರನ್‌ವೇಯ ತುದಿಯಲ್ಲಿ 2013ರಿಂದ ಪ್ರವಾಸಿ ಹಡಗುಗಳು ನಿಲ್ಲುತ್ತವೆ. ಟರ್ಮಿನಲ್ ಇದ್ದ ಕಡೆ ಗೋಪುರಗಳೆದ್ದಿವೆ, 2025ರಲ್ಲಿ ದೊಡ್ಡ ಕ್ರೀಡಾಂಗಣ ತೆರೆದಿದೆ. ವಾಲ್ಡ್ ಸಿಟಿ ಉದ್ಯಾನವಾಗಿ ಮೂರು ದಶಕಗಳೇ ಆದವು. ಈಗ ಸರದಿ ಕೌಲೂನ್ ಸಿಟಿಯ ತಗ್ಗು ಕಟ್ಟಡಗಳದ್ದು. ಎತ್ತರದ ಮಿತಿ ತೆರವಾದ ಮೇಲೆ ಅವು ಎಷ್ಟು ದಿನ ನಿಂತಾವು? ಙಾ ಚಿನ್ ವಾಯ್ ರಸ್ತೆಯ ಸುತ್ತಣ ಬೀದಿಗಳನ್ನು ಕೆಡವಿ ಕಟ್ಟುವ ಯೋಜನೆಯನ್ನು ನಗರ ನವೀಕರಣ ಪ್ರಾಧಿಕಾರ 2022ರಲ್ಲಿ ಕೈಗೆತ್ತಿಕೊಂಡಿತು.

ಹವ್ಯಾಸಿಗಳ ಒಂದು ಅಭ್ಯಾಸ ಇಲ್ಲಿ ದೊಡ್ಡ ಉಪಕಾರ ಮಾಡಿದೆ. ಅವರು ಪ್ರತಿ ಸ್ಲೈಡಿನ ಅಂಚಿನ ಮೇಲೆ ವಿಮಾನದ ನೋಂದಣಿ ಸಂಖ್ಯೆ, ನಿಲ್ದಾಣ, ತಾರೀಖು ಬರೆದಿಡುತ್ತಿದ್ದರು. ತಾರೀಖು ಅಳಿಸಿಹೋಗಿದ್ದರೂ ವಿಮಾನವೇ ಕಾಲ ಹೇಳುತ್ತದೆ. ಪ್ಯಾನ್ ಅಮೆರಿಕನ್‌ನ ನೀಲಿ ಗೋಲ ಕಂಡರೆ ಅದು 1986ಕ್ಕಿಂತ ಹಿಂದಿನದು, ಏಕೆಂದರೆ ಆ ಸಂಸ್ಥೆ ತನ್ನ ಪೆಸಿಫಿಕ್ ಮಾರ್ಗಗಳನ್ನು ಆ ವರ್ಷ ಬಿಟ್ಟುಕೊಟ್ಟಿತು. ಕ್ಯಾಥೇ ವಿಮಾನದ ಬಾಲದಲ್ಲಿ ಹಸಿರು-ಬಿಳಿ ಪಟ್ಟೆಗಳ ಬದಲು ಕುಂಚದ ರೆಕ್ಕೆ ಕಂಡರೆ 1994ರ ನಂತರದ್ದು. ಹಾಂಗ್‌ಕಾಂಗಿನ ವಿಮಾನಗಳ ಸಂಖ್ಯೆ ‘ವಿಆರ್-ಎಚ್’ ಎಂದು ಶುರುವಾಗುತ್ತಿತ್ತು. ನಮ್ಮ ವಿಮಾನಗಳ ಮೇಲೆ ಇಂದಿಗೂ ಇರುವ ‘ವಿಟಿ’ಯಂತೆ ಅದೂ ಬ್ರಿಟಿಷ್ ಸಾಮ್ರಾಜ್ಯದ ಕಾಲದ ಹಂಚಿಕೆ. 1997ರಲ್ಲಿ ಹಾಂಗ್‌ಕಾಂಗ್ ಚೀನಾಕ್ಕೆ ಮರಳಿದಾಗ ಅದು ‘ಬಿ-ಎಚ್’ ಆಯಿತು. ಹೀಗೆ ಮೇಲಿನ ವಿಮಾನದಿಂದ ಕೆಳಗಿನ ತಾರಸಿಯ ಕಾಲ ನಿರ್ಧಾರವಾಗುತ್ತದೆ: ಯಾವ ವರ್ಷ ಯಾವ ಮಾಳಿಗೆಯ ಮೇಲೆ ತಗಡಿನ ಕೋಣೆ ಎದ್ದಿತು, ಯಾವ ಅಂಗಡಿಯ ಫಲಕ ಬದಲಾಯಿತು ಎಂಬುದೆಲ್ಲ.

ಅಂಚಿನ ಮೇಲೆ ಬರೆಯದೆ ಬಿಟ್ಟದ್ದು ಬೀದಿಯ ಹೆಸರು. ಆಗ ಅದು ಯಾರಿಗೂ ಮುಖ್ಯವಾಗಿ ಕಂಡಿರಲಿಲ್ಲ. ಅಂದು ಮಾಳಿಗೆ ಹತ್ತಿದ ಹುಡುಗರಿಗೆ ಇಂದು ಐವತ್ತು, ಅರವತ್ತು ದಾಟಿದೆ. ಅವರ ಕಪಾಟುಗಳಲ್ಲಿ ಸ್ಲೈಡುಗಳ ಪೆಟ್ಟಿಗೆಗಳಿವೆ. ಯಾವ ಮೆಟ್ಟಿಲು ಹತ್ತಿ ಯಾರ ತಾರಸಿಯ ಮೇಲೆ ನಿಂತಿದ್ದೆವೆಂದು ಹೇಳಬಲ್ಲವರು ಅವರು ಮಾತ್ರ. ಕಟ್ಟಡಗಳು ಉರುಳುವ ಮೊದಲು ಅವರನ್ನು ಅದೇ ಬೀದಿಗೆ ಕರೆದೊಯ್ದು, ಒಂದೊಂದು ಸ್ಲೈಡಿಗೂ ಬೀದಿ, ಮನೆ ನಂಬರು, ಅಂಗಡಿಯ ಹೆಸರು ಕೇಳಿ ಬರೆಸಿಕೊಳ್ಳುವ ಕೆಲಸ ಬಾಕಿಯಿದೆ.